ಎರಡು ಸಾವಿರದ ಸೆನ್ಸರ್ ಹೇಳೋದನ್ನ ನಂಬಬಹುದಾ?

ಪ್ರಶ್ನೆ: ಸರ್, ನಮ್ದು ಪೀಣ್ಯ ಕಡೆ ಶೀಟ್ ಮನೆಗಳ ಸಾಲು, ಪಕ್ಕದ ಖಾಲಿ ಸೈಟಲ್ಲಿ ರಾತ್ರಿ ಆದ್ರೆ ಸಾಕು ಕಸಕ್ಕೆ ಬೆಂಕಿ ಹಾಕ್ತಾರೆ, ಅಮ್ಮಂಗೆ ಕೆಮ್ಮು ನಿಲ್ತಾನೇ ಇಲ್ಲ. ಹುಡುಗ್ರೆಲ್ಲ ದುಡ್ಡು ಹಾಕಿ ಆನ್‌ಲೈನಲ್ಲಿ ಸಿಗೋ ಎರಡು ಸಾವಿರದ ಧೂಳಿನ ಸೆನ್ಸರ್ ತಂದು ವೈಫೈ ಬೋರ್ಡಿಗೆ ಜೋಡಿಸೋಣ ಅಂತಿದೀವಿ. ನಂಬರ್ ನಂಬಬಹುದಾ? ಅದನ್ನ ತೋರಿಸಿ ದೂರು ಕೊಟ್ರೆ ಆಫೀಸಲ್ಲಿ ಒಪ್ತಾರಾ?
(ಒಬ್ಬ ಓದುಗ, ಬೆಂಗಳೂರು)

ಉತ್ತರ: ತಗೊಳ್ಳಿ, ಆದ್ರೆ ನಂಬರ್‌ಗಿಂತ ಧೂಳು ಯಾವ ಹೊತ್ತಲ್ಲಿ ಏರತ್ತೆ ಅಂತ ನೋಡೋಕೆ ತಗೊಳ್ಳಿ. ಎಸ್‌ಡಿಎಸ್011, ಪಿಎಂಎಸ್5003 ತರದ ಸೆನ್ಸರ್ ಒಳಗೆ ಇರೋದು ಪುಟಾಣಿ ಫ್ಯಾನು, ಒಂದು ಲೇಸರ್ರು. ಧೂಳಿಗೆ ಬಡಿದು ಚದುರಿದ ಬೆಳಕು ನೋಡಿ ಅಂದಾಜು ಹೇಳತ್ತೆ, ತೂಕ ಹಾಕಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಸ್ಟೇಷನ್‌ಗಳಲ್ಲಿರೋ ಲಕ್ಷಗಟ್ಟಲೆ ಬೆಲೆಯ ಮಷೀನು ಧೂಳನ್ನ ಫಿಲ್ಟರ್ ಟೇಪಿನ ಮೇಲೆ ಕೂರಿಸಿ, ಬೀಟಾ ಕಿರಣ ಬಿಟ್ಟು ತೂಕ ಲೆಕ್ಕ ಹಾಕೋದು. ಅದಕ್ಕೇ ಡಿಸೆಂಬರ್ ಬೆಳಗ್ಗೆ ಮಂಜು ಬಿದ್ರೆ ನಿಮ್ಮ ಸೆನ್ಸರ್ ನೀರಿನ ಹನೀನೂ ಧೂಳು ಅಂತ ಎಣಿಸಿ ಹೌಹಾರಿಸತ್ತೆ, ಜೊತೆಗೊಂದು ತೇವಾಂಶದ ಸೆನ್ಸರ್ ಇಟ್ಕೊಳ್ಳಿ.

ನಾನೂ ಒಂದು ಕಟ್ಟಿದ್ದೆ. ದಿನಾ ಬೆಳಗ್ಗೆ ಆರಕ್ಕೆ ಪಿಎಂ 2.5 (ಶ್ವಾಸಕೋಶಕ್ಕಿಳಿಯೋ ಅತಿ ಸಣ್ಣ ಧೂಳು) ಮುನ್ನೂರು ದಾಟೋದು, ಫ್ಯಾಕ್ಟರಿಯವರೇ ಹೊಗೆ ಬಿಡ್ತಿದಾರೆ ಅಂತ ಒಂದು ವಾರ ಎಲ್ಲರ ಹತ್ರಾನೂ ಬೈಕೊಂಡು ಓಡಾಡಿದೆ. ಆಮೇಲೆ ನೋಡಿದ್ರೆ ನಮ್ಮ ಗೋಡೆಯಾಚೆ ಪಕ್ಕದ್ಮನೆ ಆಂಟಿ ಸ್ನಾನದ ಹಂಡೆಗೆ ತೆಂಗಿನ ಗರಿ ಉರಿ ಹಾಕ್ತಿದ್ರು!

ಹಾಗಾಗಿ ಎರಡು ತಗೊಂಡು ಮೊದ್ಲು ಒಂದು ವಾರ ಒಂದೇ ಕಿಟಕೀಲಿ ಇಡಿ, ಎರಡೂ ಒಂದೇ ತರ ಏರಿಳಿದ್ರೆ ಒಂದನ್ನ ಆ ಸೈಟಿನ ಕಡೆ, ಇನ್ನೊಂದನ್ನ ಎರಡು ಬೀದಿ ಆಚೆ ಒಲೆ, ಟೀ ಅಂಗಡಿ ಇಲ್ಲದ ಕಡೆ ಮಳೆ ಬೀಳದ ಹಾಗೆ ಕಟ್ಟಿ. ರಾತ್ರಿ ಬೆಂಕಿ ಹಾಕೋ ಹೊತ್ತಿಗೆ ಸೈಟ್ ಕಡೇದು ಮಾತ್ರ ಏರಿದ್ರೆ ಅದೇ ನಿಮ್ಮ ದೂರು, ಟೈಮ್ ಬರೋ ಹಾಗೆ ಬೆಂಕಿಯ ಫೋಟೋ ಸೇರ್ಸಿ ಕೊಡಿ. ಕಾನೂನಿನ ಸಾಕ್ಷಿ ಅಂತ ಒಪ್ಪಲ್ಲ, ಬಂದು ನೋಡಿ ಅಂತ ಒತ್ತಾಯ ಮಾಡೋಕೆ ಸಾಕು. ಇನ್ನೊಂದು, ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳೀಲಿ 60 ಮೈಕ್ರೋಗ್ರಾಂ ಅನ್ನೋದು 24 ಗಂಟೆ ಸರಾಸರಿಗೆ, ಒಂದು ನಿಮಿಷದ ಇನ್ನೂರು ತೋರಿಸಿ ಜಗಳ ಆಡ್ಬೇಡಿ.

ಎಸ್‌ಡಿಎಸ್‌ನ ಲೇಸರ್ ಬಾಳಿಕೆ 8000 ಗಂಟೆ, ಬಿಡದೆ ಓಡಿಸಿದ್ರೆ ಹನ್ನೊಂದು ತಿಂಗಳಿಗೆ ಮುಗೀತು, ಐದು ನಿಮಿಷಕ್ಕೊಮ್ಮೆ ಎಚ್ಚರ ಆಗೋ ಹಾಗೆ ಕೋಡ್ ಬರೀರಿ. ಡಬ್ಬಿ ಬಾಯಿಗೆ ಸೊಳ್ಳೆ ಪರದೆ ತುಂಡು ಕಟ್ಟಿ, ಜೇಡ ಒಳಗೆ ಸಂಸಾರ ಹೂಡತ್ತೆ.

ಅಮ್ಮನ ಕೆಮ್ಮು ಎರಡು ವಾರ ದಾಟಿದ್ರೆ ಮಾತ್ರ ಸೆನ್ಸರ್ ಬರಲಿ ಅಂತ ಕಾಯ್ಬೇಡಿ, ಸರ್ಕಾರಿ ಆಸ್ಪತ್ರೇಲಿ ಟಿಬಿ ಇದೆಯಾ ಅಂತ ನೋಡೋ ಕಫದ ಟೆಸ್ಟ್ ಫ್ರೀ, ನಾಳೇನೇ ಕರ್ಕೊಂಡು ಹೋಗಿ.