ಲೈಬ್ರರಿ ಕಾರ್ಯಾಗಾರಕ್ಕೆ ನಿಮ್ಮ ಪ್ರಶ್ನೆ ಹಿಡಿದುಕೊಂಡೇ ಹೋಗಿ

ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಮಾಹಿತಿ ಹುಡುಕುವ ಮತ್ತು ಸಂಶೋಧನೆ ಮಾಡುವ ಕೌಶಲದ ಕಾರ್ಯಾಗಾರಗಳು ನಡೆಯುತ್ತವೆ. ಅವುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ವಿಶ್ವವಿದ್ಯಾಲಯದ ಗ್ರಂಥಪಾಲಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಎಂ.ಎ. ಇತಿಹಾಸ ಓದುತ್ತಿದ್ದೇನೆ. 1876–78ರ ಬರಗಾಲದಲ್ಲಿ ನಮ್ಮ ಚಿತ್ರದುರ್ಗ ಸೀಮೆ ಹೇಗಿತ್ತು ಅನ್ನುವುದು ನನ್ನ ಕಿರುಪ್ರಬಂಧದ ವಿಷಯ. ಲೈಬ್ರರಿಯಲ್ಲಿ ಅರ್ಧ ದಿನದ ಕಾರ್ಯಾಗಾರ ಇದೆ, ಹೋಗಿ ಅಂತ ಮೇಷ್ಟ್ರು ಹೇಳಿದ್ದಾರೆ. ಗೂಗಲ್‌ನಲ್ಲಿ ಹುಡುಕೋದು ನನಗೆ ಬರುತ್ತದೆ. ಸುಮ್ನೆ ಅರ್ಧ ದಿನ ಯಾಕೆ ಕಳೆಯಬೇಕು?
— ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. ‘ಚಿತ್ರದುರ್ಗ ಬರಗಾಲ’ ಅಂತ ಹಾಕಿದರೆ ಈಚಿನ ವರ್ಷಗಳ ಬರದ ಸುದ್ದಿ ಬರುತ್ತದೆ, ಕೋಟೆ ನೋಡಲು ಬರುವವರಿಗಾಗಿ ಮಾಡಿದ ಪುಟಗಳು ಬರುತ್ತವೆ. ನಿಮಗೆ ಬೇಕಾದ್ದು ಅಲ್ಲಿ ಇಲ್ಲ. ಏನೂ ಸಾಮಗ್ರಿ ಇಲ್ಲ ಅಂದುಕೊಂಡು ವಿಷಯವನ್ನೇ ಬದಲಾಯಿಸುವ ವಿದ್ಯಾರ್ಥಿಗಳು ಬಹಳ ಜನ. ಸಾಮಗ್ರಿ ಇರುತ್ತದೆ, ಬೇರೆ ಹೆಸರಿನಲ್ಲಿ ಇರುತ್ತದೆ.

ಆ ಕಾಲದ ಇಂಗ್ಲಿಷ್ ದಾಖಲೆಗಳಲ್ಲಿ ನಿಮ್ಮ ಊರು ‘ಚಿತಲ್‌ದ್ರೂಗ್’. ಶಿವಮೊಗ್ಗ ‘ಶಿಮೊಗ’. ಈಗಿನ ಚಿಕ್ಕಮಗಳೂರು ಜಿಲ್ಲೆ ಆಗ ‘ಕಡೂರು ಜಿಲ್ಲೆ’. ಜನರ ಬಾಯಲ್ಲಿ ಈ ಬರಕ್ಕೆ ‘ಧಾತು ಈಶ್ವರ ಬರ’ ಅಂತ ಹೆಸರು. ಧಾತು, ಈಶ್ವರ ಎರಡೂ ಆಗಿನ ಸಂವತ್ಸರಗಳು. ಇಂಗ್ಲಿಷ್ ಬರಹಗಾರರು ಇದನ್ನು ‘ಗ್ರೇಟ್ ಫ್ಯಾಮಿನ್’ ಅಂದರು, ಕೆಲವರು ‘ಮದ್ರಾಸ್ ಫ್ಯಾಮಿನ್’ ಅಂದರು. ಹೀಗೆ ಒಂದೇ ಸಂಗತಿಗೆ ಐದಾರು ಹೆಸರು. ಹುಡುಕುವ ಮೊದಲು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಒಳ್ಳೆಯ ಕಾರ್ಯಾಗಾರದಲ್ಲಿ ಕಂಪ್ಯೂಟರ್ ಮುಟ್ಟುವ ಮೊದಲು ಈ ಹಾಳೆಯನ್ನೇ ಬರೆಸುತ್ತಾರೆ.

ಆಮೇಲೆ ಬರುವುದು ಇನ್ನೂ ಮುಖ್ಯವಾದ ಪ್ರಶ್ನೆ. ಈ ಬರದ ಬಗ್ಗೆ ಆಗ ಯಾರು ಬರೆದಿಟ್ಟಿರಬಹುದು? 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಅಂದಮೇಲೆ ಅವರ ಆಡಳಿತ ವರದಿಗಳು ಇರಲೇಬೇಕು. ಬರ ಮುಗಿದ ಮೇಲೆ ಸರ್ಕಾರ ಒಂದು ಕ್ಷಾಮ ಆಯೋಗ ನೇಮಿಸಿತು, ಅದರ ವರದಿ 1880ರಲ್ಲಿ ಬಂತು. ಜೊತೆಗೆ ಜನಗಣತಿ ಇದೆ. 1871ರಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಹೀಗೆ ಬಿದ್ದಿದೆ ಅಂದರೆ ಏನಾಗಿರಬೇಕು, ಯೋಚಿಸಿ. ಎರಡೂ ಗಣತಿಗಳಲ್ಲಿ ನಿಮ್ಮ ಜಿಲ್ಲೆಯ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಿಮ್ಮ ಮೊದಲ ಅಧ್ಯಾಯಕ್ಕೆ ದಾರಿ ಸಿಗುತ್ತದೆ. ಹಳೆಯ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿಗೆ ಹೋಗುವಾಗ ವಿಭಾಗದ ಮುಖ್ಯಸ್ಥರಿಂದ ಪತ್ರ ಬರೆಸಿಕೊಂಡು ಹೋಗಿ.

ಗೂಗಲ್ ಬೇಡ ಅಂತ ಹೇಳುತ್ತಿಲ್ಲ. ಎರಡು ಪದ ಜೊತೆಯಾಗಿಯೇ ಬರಬೇಕಾದರೆ ಅವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಬೇಡದ ಪದದ ಮೊದಲಿಗೆ ಅಂಟಿಸಿ ಒಂದು ಮೈನಸ್ ಗುರುತು ಹಾಕಿ. ಸಂಶೋಧನ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಒಂದು ಒಳ್ಳೆಯ ಲೇಖನ ಸಿಕ್ಕರೆ, ಅದನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಅನ್ನುವ ಪಟ್ಟಿ ಕೆಳಗೇ ಇರುತ್ತದೆ. ಅದನ್ನು ಒತ್ತಿದರೆ ಹೊಸ ಬರಹಗಳಿಗೆ ಹೋಗುತ್ತೀರಿ, ಲೇಖನದ ಅಡಿಟಿಪ್ಪಣಿ ನೋಡಿದರೆ ಹಳೆಯ ಬರಹಗಳಿಗೆ. ಹೀಗೆ ಹಿಂದಕ್ಕೂ ಮುಂದಕ್ಕೂ ಹೋಗುವುದನ್ನು ಪಕ್ಕದಲ್ಲಿ ಒಬ್ಬರು ಕೂತು ತೋರಿಸಿದರೆ ಅರ್ಧ ಗಂಟೆಯಲ್ಲಿ ಬರುತ್ತದೆ. ಒಬ್ಬರೇ ಕಲಿಯಲು ಹೋದರೆ ಬಹಳ ಕಾಲ ಹಿಡಿಯುತ್ತದೆ. ಆದ್ದರಿಂದ ಹೋಗಿ. ನಿಮ್ಮ ವಿಷಯ ಬರೆದ ಹಾಳೆ ಕೈಯಲ್ಲಿರಲಿ.

ಪ್ರಶ್ನೆ: ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಬಗ್ಗೆ ಬರೆಯಬೇಕು. ನಮ್ಮ ಲೈಬ್ರರಿ ಕಾರ್ಯಾಗಾರದಲ್ಲಿ ತೋರಿಸಿದ್ದೆಲ್ಲ ಇಂಗ್ಲಿಷ್ ಜರ್ನಲ್‌ಗಳು. ಕನ್ನಡದವರಿಗೆ ಇದರಿಂದ ಏನೂ ಇಲ್ಲ ಅನ್ನಿಸಿತು.
— ಓದುಗ, ಕಲಬುರಗಿ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ನಮ್ಮ ಹೆಚ್ಚಿನ ಕಾರ್ಯಾಗಾರಗಳನ್ನು ವಿಜ್ಞಾನದ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿದೆ. ಕನ್ನಡ, ಜಾನಪದ, ಸ್ಥಳೀಯ ಇತಿಹಾಸ ಓದುವವರಿಗೆ ಬೇರೆ ದಾರಿಗಳನ್ನು ಹೇಳಿಕೊಡಬೇಕು. ಅದನ್ನು ನಾವು ಗ್ರಂಥಪಾಲಕರು ಮಾಡಲೇಬೇಕಾದ ಕೆಲಸ ಅಂತ ನಾನು ನಂಬಿದ್ದೇನೆ.

ಮೊದಲು ಶೋಧಗಂಗಾ ನೋಡಿ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಮಹಾಪ್ರಬಂಧಗಳಿವೆ. ಕನ್ನಡದವೂ ಬೇಕಾದಷ್ಟಿವೆ, ಪೂರ್ತಿ ಓದಬಹುದು, ದುಡ್ಡು ಕೊಡಬೇಕಿಲ್ಲ. ತೊಡಕು ಇರುವುದು ಹುಡುಕುವಲ್ಲಿ. ಕನ್ನಡ ಪ್ರಬಂಧದ ಹೆಸರನ್ನು ಒಬ್ಬರು ಕನ್ನಡ ಲಿಪಿಯಲ್ಲಿ ಸೇರಿಸಿರುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲೇ ‘ತತ್ವಪದ’, ‘ತತ್ತ್ವಪದ’ ಎರಡೂ ಬರಹ ಇವೆ. ಇಂಗ್ಲಿಷ್ ಅಕ್ಷರಕ್ಕೆ ಹೋದರೆ ‘ತ’ ಒಂದೋ ಎರಡೋ, ‘ವ’ಕ್ಕೆ ವಿ ಅಕ್ಷರವೋ ಡಬ್ಲ್ಯೂ ಅಕ್ಷರವೋ, ಹೀಗೆ ಬೇರೆ ಬೇರೆ ರೂಪ. ಕಡಕೋಳ, ಕಡಕೋಳು, ಮಡಿವಾಳಪ್ಪ, ಮಡಿವಾಳೇಶ್ವರ ಎಲ್ಲವನ್ನೂ ಹಾಕಿ ನೋಡಬೇಕು. ಹೀಗೆ ಸಿಗದಿದ್ದರೆ ವಿಶ್ವವಿದ್ಯಾಲಯ, ಅದರೊಳಗೆ ಕನ್ನಡ ವಿಭಾಗ ಅಂತ ಒಳಗೆ ಹೋಗಿ ಪಟ್ಟಿಯನ್ನೇ ಓದಿ. ನಿಧಾನದ ಕೆಲಸ, ಆದರೆ ಇದರಷ್ಟು ಖಾತ್ರಿಯಾದ ದಾರಿ ಇನ್ನೊಂದಿಲ್ಲ.

ಇನ್ನೊಂದು ತೊಡಕು ‘ನುಡಿ’ ಮತ್ತು ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳದು. ಯುನಿಕೋಡ್ ಬಳಕೆಗೆ ಬರುವ ಮುಂಚೆ ಟೈಪ್ ಮಾಡಿದ ಪಿಡಿಎಫ್‌ನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಹಾಗಾಗಿ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಅರ್ಥವಿಲ್ಲದ ಅಕ್ಷರ ಬಂದರೆ ಅದು ಹಳೆಯ ಫಾಂಟ್. ‘ಫಲಿತಾಂಶ ಸೊನ್ನೆ’ ಅಂತ ತೋರಿಸಿದ ಮಾತ್ರಕ್ಕೆ ನಂಬಬೇಡಿ, ಪರಿವಿಡಿ ತೆರೆದು ಕಣ್ಣಿನಿಂದಲೇ ಓದಿ.

ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್ ನೋಡಿ. ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕಗಳು ಅಲ್ಲಿವೆ. ಅಲ್ಲಿ ಹೆಸರುಗಳ ಕಾಗುಣಿತ ತಪ್ಪಾಗಿರುವುದು ಸಾಮಾನ್ಯ, ಲೇಖಕರ ಹೆಸರಿನಿಂದಲೂ ಪ್ರಯತ್ನಿಸಿ.

ಕಪಾಟಿನ ಹತ್ತಿರ ಹೋಗುವುದನ್ನು ಮಾತ್ರ ಮರೆಯಬೇಡಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಆದರೆ ತತ್ವಪದದ ಪುಸ್ತಕ ಅಲ್ಲೇ ಇರುತ್ತದೆ ಅನ್ನುವ ಹಾಗಿಲ್ಲ. ಒಬ್ಬರು ಅದನ್ನು ಧರ್ಮ ಅಂತ 294.5ರಲ್ಲಿ ಇಟ್ಟಿರಬಹುದು, ಇನ್ನೊಬ್ಬರು ಜಾನಪದ ಅಂತ 398ರಲ್ಲಿ. ಮೂರೂ ಕಡೆ ನೋಡಿ. ವಿಶ್ವವಿದ್ಯಾಲಯಗಳ ಪ್ರಸಾರಾಂಗದ ಪ್ರಕಟಣೆಗಳು, ಅಭಿನಂದನ ಗ್ರಂಥಗಳು, ಮಠಗಳು ತಂದ ಸ್ಮರಣ ಸಂಚಿಕೆಗಳಲ್ಲಿ ಒಳ್ಳೊಳ್ಳೆಯ ಲೇಖನಗಳಿರುತ್ತವೆ. ಅವು ಯಾವ ಡೇಟಾಬೇಸ್‌ನಲ್ಲೂ ಸಿಗುವುದು ಕಷ್ಟ. ಆ ವಿಭಾಗ ನೋಡಿಕೊಳ್ಳುವ ಸಿಬ್ಬಂದಿಯನ್ನು ಕೇಳಿ, ಎಷ್ಟೋ ಸಲ ಅವರಿಗೆ ಬಾಯಲ್ಲೇ ಗೊತ್ತಿರುತ್ತದೆ.

ಒಂದು ಕೆಲಸ ಮಾಡಿ. ಹತ್ತು ಜನ ಸಹಿ ಹಾಕಿ, ಕನ್ನಡ ಆಕರಗಳ ಬಗ್ಗೆ ಕನ್ನಡದಲ್ಲೇ ಒಂದು ಕಾರ್ಯಾಗಾರ ಬೇಕು ಅಂತ ಗ್ರಂಥಪಾಲಕರಿಗೆ ಪತ್ರ ಕೊಡಿ. ಕೇಳಿದರೆ ಮಾಡುತ್ತಾರೆ.

ಪ್ರಶ್ನೆ: ಪಿಎಚ್.ಡಿ. ಮಹಾಪ್ರಬಂಧದ ಒಂದು ಅಧ್ಯಾಯವನ್ನು ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್‌ನಲ್ಲಿ ಹಾಕಿದಾಗ 32% ಹೋಲಿಕೆ ಬಂತು. ಪದಗಳನ್ನು ಬದಲಾಯಿಸಿ 10%ಕ್ಕೆ ಇಳಿಸಿಕೊಡುತ್ತೇವೆ ಅನ್ನುವವರು ಇದ್ದಾರೆ. ಮಾಡಿಸಬಹುದಾ?
— ಸಂಶೋಧಕಿ, ಮೈಸೂರು

ಉತ್ತರ: ಬೇಡ. ದುಡ್ಡು ಕೊಟ್ಟು ಪದ ಬದಲಾಯಿಸಿದರೆ ತಪ್ಪು ಹಾಗೇ ಉಳಿಯುತ್ತದೆ, ವಾಕ್ಯವೂ ಕೆಡುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಹೀಗಿದೆ. ಹೋಲಿಕೆ 10%ವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40% ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಕೊಡಬೇಕು. 40ರಿಂದ 60% ಆದರೆ ಒಂದು ವರ್ಷ ತಿದ್ದಿದ್ದನ್ನೂ ಕೊಡುವ ಹಾಗಿಲ್ಲ. 60% ದಾಟಿದರೆ ನೋಂದಣಿಯೇ ರದ್ದು. ಆದರೆ ಆಕರ ಹೇಳಿ ಉಲ್ಲೇಖಿಸಿದ ಭಾಗ, ಗ್ರಂಥಋಣ, ಪರಿವಿಡಿ, ಕಾನೂನಿನ ಮೂಲಪಠ್ಯ ಇಂಥವನ್ನು ಈ ಲೆಕ್ಕದಿಂದ ಬಿಡಬೇಕು ಅಂತ ನಿಯಮವೇ ಹೇಳುತ್ತದೆ. ಎಲ್ಲ ಕಡೆ ಬಳಕೆಯಲ್ಲಿರುವ ಮಾತು ಸತತ 14 ಪದಗಳವರೆಗೆ ಹೊಂದಿದರೂ ಅದನ್ನು ಹಿಡಿಯುವ ಹಾಗಿಲ್ಲ. ಆದ್ದರಿಂದ ಮೊದಲು ಪೂರ್ತಿ ವರದಿ ತರಿಸಿಕೊಂಡು ಲೈಬ್ರರಿಯವರ ಜೊತೆ ಕೂತು ಸಾಲು ಸಾಲಾಗಿ ನೋಡಿ. ನಿಮ್ಮ 32%ನಲ್ಲಿ ಎಷ್ಟು ನಿಜವಾದ ಹೋಲಿಕೆ ಅಂತ ಆಗ ಗೊತ್ತಾಗುತ್ತದೆ. ಉಳಿದ ಭಾಗಕ್ಕೆ ಒಂದೇ ಉಪಾಯ: ಮೂಲವನ್ನು ಓದಿ, ಮುಚ್ಚಿಟ್ಟು, ನಿಮಗೆ ಅರ್ಥವಾದದ್ದನ್ನು ಬರೆದು, ಯಾರಿಂದ ತಿಳಿದದ್ದು ಅಂತ ಹೇಳುವುದು.

ಕನ್ನಡದಲ್ಲಿ ಬರೆಯುವವರಿಗೂ ಒಂದು ಮಾತು. ಇಂಗ್ಲಿಷ್ ಪುಸ್ತಕದ ಪುಟವನ್ನು ಕನ್ನಡಕ್ಕೆ ಮಾಡಿ ಹೆಸರು ಹೇಳದೆ ಸೇರಿಸಿದರೆ ಸಾಫ್ಟ್‌ವೇರ್ ಹಿಡಿಯದೇ ಹೋಗಬಹುದು. ಆದರೂ ಅದು ಕೃತಿಚೌರ್ಯವೇ. ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಬಗ್ಗೆ 2 ಕ್ರೆಡಿಟ್‌ನ ಪತ್ರಿಕೆ ಇಟ್ಟಿರುವುದು ಇದನ್ನು ಕಲಿಸಲಿಕ್ಕೇ. ಅದನ್ನು ಪಾಸಾಗುವ ಸಲುವಾಗಿ ಮಾತ್ರ ಓದಬೇಡಿ.

ಪ್ರಶ್ನೆ: ಎಐ ಚಾಟ್‌ಬಾಟ್ ನನ್ನ ವಿಷಯಕ್ಕೆ ಐದು ಲೇಖನಗಳ ಹೆಸರು ಕೊಟ್ಟಿತು. ಒಂದೂ ಸಿಗುತ್ತಿಲ್ಲ. ಲೈಬ್ರರಿಯವರು ಅಂಥ ಲೇಖನವೇ ಇಲ್ಲ ಅನ್ನುತ್ತಾರೆ.
— ಬಿ.ಎ. ವಿದ್ಯಾರ್ಥಿ, ತುಮಕೂರು

ಉತ್ತರ: ಅವರು ಹೇಳಿದ್ದು ಸರಿ ಇರಬೇಕು. ಈ ಯಂತ್ರಗಳು ನಂಬುವಂಥ ಲೇಖಕರ ಹೆಸರು, ಪತ್ರಿಕೆ, ವರ್ಷ, ಪುಟಸಂಖ್ಯೆ ಎಲ್ಲವನ್ನೂ ಜೋಡಿಸಿ ಇಲ್ಲದ ಲೇಖನವನ್ನು ಕೊಡುವುದುಂಟು. ಲೇಖಕರು ನಿಜ, ಪತ್ರಿಕೆಯೂ ನಿಜ, ಲೇಖನ ಮಾತ್ರ ಇಲ್ಲ. ಹಾಗಾಗಿಯೇ ಹಿಡಿಯುವುದು ಕಷ್ಟ.

ಪರೀಕ್ಷಿಸುವುದು ಹೀಗೆ. ಲೇಖನವನ್ನು ಅಂತರ್ಜಾಲದಲ್ಲಿ ಗುರುತಿಸುವ ಡಿಒಐ ಸಂಖ್ಯೆ ಕೊಟ್ಟಿದ್ದರೆ ಅದು ‘10.’ ಅಂತ ಶುರುವಾಗುತ್ತದೆ. ಅದನ್ನು ಡಿಒಐ ತಾಣದಲ್ಲಿ ಹಾಕಿ ಅದೇ ಲೇಖನ ತೆರೆಯುತ್ತದಾ ನೋಡಿ. ಇಲ್ಲವಾದರೆ ಆ ಪತ್ರಿಕೆಯ ಆ ಸಂಚಿಕೆಯ ಪರಿವಿಡಿಗೇ ಹೋಗಿ. ಹಳೆಯ ಕನ್ನಡ ಪತ್ರಿಕೆಗಳಿಗೆ ಡಿಒಐ ಇರುವುದಿಲ್ಲ, ಅಲ್ಲಿ ಪರಿವಿಡಿಯೊಂದೇ ದಾರಿ. ಕೈಯಲ್ಲಿ ಹಿಡಿದು ಓದದ ಯಾವುದನ್ನೂ ಗ್ರಂಥಋಣಕ್ಕೆ ಸೇರಿಸಬೇಡಿ. ಹುಡುಕು ಪದಗಳ ಪಟ್ಟಿ ಮಾಡಿಕೊಳ್ಳಲು ಎಐ ಬಳಸಿ, ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮದು ತಾಲ್ಲೂಕಿನ ಸರ್ಕಾರಿ ಕಾಲೇಜು. ದೊಡ್ಡ ವಿಶ್ವವಿದ್ಯಾಲಯದವರ ಹಾಗೆ ನಮಗೆ ಜರ್ನಲ್ ಎಲ್ಲಿಂದ ಬರಬೇಕು?
— ಉಪನ್ಯಾಸಕಿ, ಹಾವೇರಿ ಜಿಲ್ಲೆ

ಉತ್ತರ: ಈಗ ಪರಿಸ್ಥಿತಿ ಮೊದಲಿಗಿಂತ ಎಷ್ಟೋ ಒಳ್ಳೆಯದಿದೆ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿಯೇ ಇದು. ನಿಮ್ಮ ಕಾಲೇಜು ನೋಂದಣಿ ಆಗಿದೆಯಾ ಅಂತ ಪ್ರಾಂಶುಪಾಲರನ್ನು ಕೇಳಿ. ಆಗಿದ್ದೂ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದಿದ್ದರೆ ಅದು ಬಹಳ ದೊಡ್ಡ ನಷ್ಟ. ಕಾಲೇಜುಗಳಿಗೆ ಇ-ಪುಸ್ತಕ ಮುಂತಾದವನ್ನು ಒದಗಿಸುವ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಕೂಡ ಇದೆ. ಯಾವುದರಲ್ಲೂ ಸಿಗದ ಲೇಖನಕ್ಕೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ. ಬಹಳ ಜನ ಸಂತೋಷದಿಂದ ಕಳಿಸುತ್ತಾರೆ.

ಪ್ರಶ್ನೆ: ದುಡ್ಡು ಕಟ್ಟಿದರೆ ಒಂದು ವಾರದಲ್ಲಿ ಲೇಖನ ಪ್ರಕಟಿಸುತ್ತೇವೆ, ನಮಗೆ ಐಎಸ್‌ಎಸ್‌ಎನ್ ಇದೆ ಅಂತ ಒಂದು ಜರ್ನಲ್‌ನಿಂದ ಮೆಸೇಜ್ ಬಂದಿದೆ. ನಂಬಬಹುದಾ?
— ಸಂಶೋಧಕ, ದಾವಣಗೆರೆ

ಉತ್ತರ: ಕಟ್ಟಬೇಡಿ. ಐಎಸ್‌ಎಸ್‌ಎನ್ ನಿಯತಕಾಲಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ, ಗುಣಕ್ಕೆ ಕೊಟ್ಟ ಮುದ್ರೆ ಅಲ್ಲ. ಒಂದು ವಾರದಲ್ಲಿ ಯಾರೂ ಲೇಖನವನ್ನು ಸರಿಯಾಗಿ ವಿಮರ್ಶೆ ಮಾಡಲಾರರು. ಒಪ್ಪಬಹುದಾದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ್ದಾರೆ, ಹಾಗಾಗಿ ಆರಿಸುವ ಹೊಣೆ ಈಗ ನಿಮ್ಮ ಮೇಲೆ, ನಿಮ್ಮ ಗೈಡ್ ಮೇಲೆ ಇದೆ. ಆ ಜರ್ನಲ್‌ನ ಹಳೆಯ ಸಂಚಿಕೆಯಿಂದ ಎರಡು ಲೇಖನ ಪೂರ್ತಿ ಓದಿ. ನಿಮಗೇ ತಿಳಿಯುತ್ತದೆ.

ಪ್ರಶ್ನೆ: ನಾನೂ ಕಾಲೇಜು ಗ್ರಂಥಪಾಲಕ. ಪ್ರತಿ ವರ್ಷ ಕಾರ್ಯಾಗಾರ ಮಾಡುತ್ತೇನೆ. ಮಕ್ಕಳು ಬರುತ್ತಾರೆ, ಹಾಜರಿ ಹಾಕುತ್ತಾರೆ, ಹೋಗುತ್ತಾರೆ. ಆಮೇಲೆ ಒಬ್ಬರೂ ಲೈಬ್ರರಿ ಕಡೆ ತಲೆ ಹಾಕುವುದಿಲ್ಲ. ಏನು ಮಾಡಲಿ?
— ಗ್ರಂಥಪಾಲಕ, ಹಾಸನ

ಉತ್ತರ: ನೀವು ಅದನ್ನು ಯಾವಾಗ ಮಾಡುತ್ತೀರಿ? ಕಾಲೇಜು ಶುರುವಾದ ಮೊದಲ ವಾರದಲ್ಲಾದರೆ ಅಲ್ಲೇ ಸಮಸ್ಯೆ ಇದೆ. ಆಗ ಅವರ ಹತ್ತಿರ ಹುಡುಕಲಿಕ್ಕೆ ಏನೂ ಇರುವುದಿಲ್ಲ. ಅಸೈನ್‌ಮೆಂಟ್ ವಿಷಯ ಕೊಟ್ಟ ವಾರವೇ ಮಾಡಿ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳನ್ನು ನಾವೆಲ್ಲ ಪರೀಕ್ಷೆಗೆ ಓದಿದವರು. ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದರು, ನಮ್ಮ ಕಸುಬಿನ ಎಷ್ಟೋ ಜನ ಅಲ್ಲಿ ಕಲಿತರು. ಆ ಸೂತ್ರವನ್ನು ಕಾರ್ಯಾಗಾರಕ್ಕೂ ಹಚ್ಚಿ ನೋಡಿ. ಇಪ್ಪತ್ತು ಡೇಟಾಬೇಸ್‌ಗಳ ಹೆಸರು ಸ್ಲೈಡ್‌ನಲ್ಲಿ ತೋರಿಸಿದರೆ ಯಾರ ಸಮಯ ಉಳಿಯಿತು?

ಒಂದು ಸಲಕ್ಕೆ ಇಪ್ಪತ್ತು ಮಂದಿ ಸಾಕು. ಹತ್ತು ನಿಮಿಷಕ್ಕಿಂತ ಜಾಸ್ತಿ ಮಾತಾಡಬೇಡಿ. ಕೀಬೋರ್ಡ್ ಅವರ ಕೈಯಲ್ಲಿರಲಿ. ಕಂಪ್ಯೂಟರ್ ಕಡಿಮೆ ಇದ್ದರೆ ಇಬ್ಬರಿಗೊಂದು, ಇಲ್ಲವೇ ಅವರ ಮೊಬೈಲ್‌ನಲ್ಲೇ ಆಗಲಿ. ಪಾಠ ಮಾಡುವ ಅಧ್ಯಾಪಕರನ್ನೂ ಕರೆದು ಕೂರಿಸಿಕೊಳ್ಳಿ. ಯಾವ ಆಕರ ಒಳ್ಳೆಯದು, ಯಾವುದು ಸಾಲದು ಅಂತ ಅವರು ಹೇಳಿದರೆ ಮಕ್ಕಳು ಬೇಗ ಒಪ್ಪುತ್ತಾರೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ, ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರ ಹತ್ತಿರ ನೀವೇ ಹೋಗಿ. ಅವರು ಎದ್ದು ಕೇಳುವುದಿಲ್ಲ, ಆದರೆ ನಿಮ್ಮ ಸಹಾಯ ಹೆಚ್ಚು ಬೇಕಾಗಿರುವುದು ಅವರಿಗೇ.

ಕೊನೆಗೆ ಹಾಜರಿ ಪುಸ್ತಕದ ಬದಲು ಒಬ್ಬೊಬ್ಬರಿಂದ ಒಂದು ಹಾಳೆ ತೆಗೆದುಕೊಳ್ಳಿ. ತನ್ನ ವಿಷಯ, ಬಳಸಿದ ಹುಡುಕು ಪದಗಳು, ಸಿಕ್ಕ ಮೂರು ಆಕರ, ಎಷ್ಟು ಹುಡುಕಿದರೂ ಸಿಗದ ಒಂದು ಆಕರ, ಇಷ್ಟು ಬರೆಯಲಿ. ಸಿಗದೇ ಉಳಿದದ್ದನ್ನು ಆ ವಾರದೊಳಗೆ ನೀವು ಹುಡುಕಿ, ಇಲ್ಲಿದೆ ಬನ್ನಿ ಅಂತ ಅವರಿಗೆ ಫೋನ್ ಮಾಡಿ. ಬಂದವರ ಜೊತೆ ಅವರ ಗೆಳೆಯರೂ ಬರುತ್ತಾರೆ.