ನಮ್ಮಜ್ಜಿಯ ಬೀಸುವ ಪದ ಮತ್ತು ನಿಪ್ಪಾಣಿ ಕಡೆಯ ಮರಾಠಿ ಓವಿ (ಅಲ್ಲಿನ ಹೆಣ್ಣುಮಕ್ಕಳು ಬೀಸುವಾಗ ಹಾಡುವ ಪದ) ಕೇಳಲು ಒಂದೇ ಥರ ಇವೆ. ಎರಡಕ್ಕೂ ನಂಟು ಇದೆಯೇ ಅಂತ ಕಂಪ್ಯೂಟರ್‌ನಿಂದ ತಿಳಿಯಬಹುದೇ?

ತಿಳಿಯಬಹುದು. ನಾನು ಜಮಖಂಡಿಯವನು. ಮೂರು ವರ್ಷದಿಂದ ನಮ್ಮ ಓಣಿಯ ಹೆಣ್ಣುಮಕ್ಕಳ ಬೀಸುವ ಪದ, ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿ ಇದೇ ಕೆಲಸ ಮಾಡುತ್ತಿದ್ದೇನೆ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು.

ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅನ್ನುವ ಜನಪದ ಹಾಡುಗಳ ಸಂಗ್ರಹ ತಂದರು. ಅದರಿಂದ ನಮ್ಮ ಭಾಗದ ಹಾಡಿನ ಮಾತು ಉಳಿಯಿತು. ಧಾಟಿ ಮಾತ್ರ ಹಾಡುವವರ ಬಾಯಲ್ಲೇ ಉಳಿದಿದೆ. ಕನ್ನಡದ ಪದಕ್ಕೂ ಮರಾಠಿಯ ಓವಿಗೂ ನಂಟು ಹುಡುಕುವಾಗ ಮಾತು ಹೊಂದುವುದಿಲ್ಲ, ಧಾಟಿಯನ್ನೇ ಹಿಡಿಯಬೇಕು.

ಮೊದಲು ಹಾಡನ್ನು ಸ್ವರಗಳ ಸಾಲಾಗಿ ಬರೆಯಿರಿ. ಒಬ್ಬೊಬ್ಬರ ಶ್ರುತಿ ಒಂದೊಂದು. ಹಾಗಾಗಿ ಹಾಡಿನ ನೆಲೆಯ ಸ್ವರವನ್ನು ‘ಸ’ ಅಂತ ಇಟ್ಟುಕೊಂಡು ಉಳಿದವನ್ನು ಅದರಿಂದ ಅಳೆಯಬೇಕು. ಈಗ ಎರಡು ಸಾಲು ನೋಡಿ:

ಸ ರಿ ಗ ಮ ಗ ರಿ ಸ
ಸ ರಿ ಗ ಗ ರಿ ನಿ ಸ

ಸುಮ್ನೆ ಒಂದರ ಕೆಳಗೊಂದು ಇಟ್ಟರೆ 7ರಲ್ಲಿ 4 ಜಾಗ ಮಾತ್ರ ಹೊಂದುತ್ತವೆ. ಆದರೆ ಕಿವಿಗೆ ಇವು ಇನ್ನೂ ಹತ್ತಿರ ಅನಿಸುತ್ತವೆ, ಅಲ್ವಾ? ಖಾಲಿ ಜಾಗ ಬಿಡಲು ಅವಕಾಶ ಕೊಡಿ:

ಸ ರಿ ಗ ಮ ಗ ರಿ – ಸ
ಸ ರಿ ಗ – ಗ ರಿ ನಿ ಸ

ಈಗ 6 ಸ್ವರ ಹೊಂದಿದವು. ಒಬ್ಬರು ‘ಮ’ ಸೇರಿಸಿದ್ದಾರೆ, ಇನ್ನೊಬ್ಬರು ‘ನಿ’ ಸೇರಿಸಿದ್ದಾರೆ, ಅಷ್ಟೇ. ಪ್ರೋಟೀನ್‌ಗಳನ್ನು ಹೋಲಿಸಲು ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲಿ ಕೊಟ್ಟ ವಿಧಾನ ಇದೇ. ಹೊಂದಿದರೆ ಅಂಕ, ಹೊಂದದಿದ್ದರೆ ದಂಡ, ಖಾಲಿ ಬಿಟ್ಟರೂ ದಂಡ. ಎಲ್ಲ ಜೋಡಣೆಗಳ ಪೈಕಿ ಹೆಚ್ಚು ಅಂಕದ್ದನ್ನು ಕಂಪ್ಯೂಟರ್ ಆರಿಸುತ್ತದೆ. 1990ರಲ್ಲಿ ಮೊಂಜೋ ಮತ್ತು ಸ್ಯಾಂಕಾಫ್ ಇದೇ ಬಗೆಯ ಲೆಕ್ಕವನ್ನು ಧಾಟಿಗಳ ಹೋಲಿಕೆಗೆ ತಂದರು. ಜೀವವಿಜ್ಞಾನದ ಲೆಕ್ಕಗಳಿಗಾಗಿ ಪೈಥಾನ್ ಭಾಷೆಯಲ್ಲಿ ಬರೆದಿಟ್ಟ ಬಯೋಪೈಥಾನ್ ಅನ್ನುವ ಲೈಬ್ರರಿಯಲ್ಲಿ ಈ ಲೆಕ್ಕ ತಯಾರಾಗಿಯೇ ಸಿಗುತ್ತದೆ. 12 ಸ್ವರಸ್ಥಾನಕ್ಕೆ 12 ಅಕ್ಷರ ಕೊಟ್ಟರೆ ಸಾಕು.

ದಂಡ ಎಷ್ಟಿರಬೇಕು ಅನ್ನುವಲ್ಲಿ ಯೋಚನೆ ಬೇಕು. 2022ರಲ್ಲಿ ಇಂಗ್ಲಿಷ್ ಮತ್ತು ಜಪಾನಿ ಜಾನಪದದ 10,062 ಧಾಟಿಗಳ ಮೇಲೆ ಒಂದು ದೊಡ್ಡ ಅಧ್ಯಯನ ಬಂತು. ಸ್ವರ ಬದಲಾದಾಗ ದೂರ ಹಾರುವುದಕ್ಕಿಂತ ಪಕ್ಕದ ಸ್ವರಕ್ಕೆ ಜಾರುವುದೇ ಜಾಸ್ತಿ ಅಂತ ಅದರಲ್ಲಿ ಕಂಡಿತು. ಹಾಡಿನಲ್ಲಿ ಗಟ್ಟಿ ಕೆಲಸವಿರುವ ಸ್ವರಗಳು (ಕೊನೆಗೆ ಬಂದು ನಿಲ್ಲುವ ಸ್ವರದಂಥವು) ಬೇಗ ಬದಲಾಗುವುದಿಲ್ಲ ಅಂತಲೂ ಕಂಡಿತು. ಹಾಗಾಗಿ ನಾನು ‘ರಿ’ ಹೋಗಿ ‘ಗ’ ಬಂದರೆ ಕಡಿಮೆ ದಂಡ ಹಾಕುತ್ತೇನೆ, ‘ರಿ’ ಹೋಗಿ ‘ಧ’ ಬಂದರೆ ಜಾಸ್ತಿ.

ಈಗ ನಾನು ಎಡವಿದ ಜಾಗ ಹೇಳುತ್ತೇನೆ. ಮೊದಲ ವರ್ಷ ನನಗೆ ಎಲ್ಲ ಪದಗಳೂ ಬಂಧುಗಳಾಗಿಯೇ ಕಂಡವು. ಕಾರಣ ತ್ರಿಪದಿ. ಮೂರು ಸಾಲಿನ ಪದವನ್ನು ಹಾಡುವಾಗ ಎರಡನೇ ಸಾಲನ್ನು ಮತ್ತೆ ಹೇಳುತ್ತಾರೆ, ಎಳೆಯುವ ಜಾಗಗಳೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಂಟಿಲ್ಲದ ಧಾಟಿಗಳಿಗೂ ಒಳ್ಳೆ ಅಂಕ ಬಂದುಬಿಡುತ್ತದೆ. ಅಂಕ ಸುಮ್ನೆ ಬಂದದ್ದೇ ಅಂತ ತಿಳಿಯಲು ಒಂದು ಸಾಲಿನ ಸ್ವರಗಳನ್ನು ಹಿಂದುಮುಂದಾಗಿ ಕಲಸಿ ಹೋಲಿಸಿ ನೋಡುವ ಪರೀಕ್ಷೆ ಇಲ್ಲಿ ಸಾಲದು, ಕಲಸಿದ ಸಾಲು ಹಾಡಿನ ಹಾಗೇ ಇರುವುದಿಲ್ಲ. ನಿಮ್ಮ ಅಜ್ಜಿಯ ಪದವನ್ನು ಬೇರೆ ಹತ್ತಾರು ತ್ರಿಪದಿ ಧಾಟಿಗಳ ಜೊತೆ ಹೋಲಿಸಿ. ಆ ಓವಿಗೆ ಅವೆಲ್ಲಕ್ಕಿಂತ ಎದ್ದು ಕಾಣುವಷ್ಟು ಅಂಕ ಬಂದರೆ ಮಾತ್ರ ನಂಬಿ.

ನಂಟು ಸಿಕ್ಕರೂ ವಂಶವೃಕ್ಷ ಬರೆಯಲು ಅವಸರ ಬೇಡ. ನಮ್ಮ ಕಡೆ ಹಾಡು ತಾಯಿಯಿಂದ ಮಗಳಿಗೆ ಮಾತ್ರ ಹೋಗುವುದಿಲ್ಲ. ಗಡಿಯ ಊರುಗಳಲ್ಲಿ ಸೊಸೆ ಬರುತ್ತಾಳೆ, ಕಬ್ಬು ಕಡಿಯುವವರು ಬರುತ್ತಾರೆ, ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಎರಡೂ ಭಾಷೆಯವರು ಸೇರುತ್ತಾರೆ. ಧಾಟಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅಂತ ಅಂಕ ಹೇಳುವುದಿಲ್ಲ. ಅದಕ್ಕೆ ಹಾಡಿದವರನ್ನೇ ಕೇಳಬೇಕು: ಯಾರಿಂದ ಕಲಿತಿರಿ, ನಿಮ್ಮ ತವರು ಯಾವುದು?

ಅಜ್ಜಿ ಈಗಲೂ ಹಾಡುತ್ತಾರಾದರೆ ಒಂದೇ ಪದವನ್ನು ಎರಡು ಬೇರೆ ದಿನ ಹಾಡಿಸಿ. ಆಗುವುದಾದರೆ ಬೀಸುಕಲ್ಲಿನ ಮುಂದೆ ಕೂಡಿಸಿಯೇ ಹಾಡಿಸಿ. ನಮ್ಮತ್ತೆ ಸುಮ್ನೆ ಕೂತು ಹಾಡಿದಾಗ ಎಳೆತಗಳೇ ಬೇರೆಯಾಗಿದ್ದವು. ಅಜ್ಜಿಯ ಆ ಎರಡು ದಿನದ ರೆಕಾರ್ಡಿಂಗ್‌ಗಳ ನಡುವಿನ ಅಂತರವೇ ನಿಮ್ಮ ಅಳತೆಗೋಲು. ಅಜ್ಜಿಯ ಪದಕ್ಕೂ ಓವಿಗೂ ಇರುವ ಅಂತರವನ್ನು ಅದರ ಪಕ್ಕದಲ್ಲಿಟ್ಟು ನೋಡಿ.