ಮೂನ್‌ಡಾಗ್ ಊಳಿಟ್ಟ ರಾತ್ರಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಕ್ ಅಂಡ್ ರೋಲ್ ಇನ್ನೂ ಕಣ್ಣು ಬಿಡುತ್ತಿದ್ದಾಗ ಅಮೆರಿಕದ ಹುಡುಗ ಹುಡುಗಿಯರಿಗೆ ಅದನ್ನು ರೇಡಿಯೊದಲ್ಲಿ ಕೇಳಿಸಿದವನು ‘ಮೂನ್‌ಡಾಗ್’ ಕಾರ್ಯಕ್ರಮದ ಡಿಸ್ಕ್ ಜಾಕಿ ಅಲನ್ ಫ್ರೀಡ್. ಅವನ ಬಗ್ಗೆ, ಅವನ ಕೇಳುಗರು ಇಂದಿಗೂ ಹೇಳಿಕೊಳ್ಳುವ ನೆನಪುಗಳ ಬಗ್ಗೆ ಬಂದ ಪ್ರಶ್ನೆಗಳು ಈ ಸಲ.

ಪ್ರಶ್ನೆ: ಫ್ರೀಡ್‌ನನ್ನು ಕೇಳಿದ ಹಿರಿಯರು ಹಾಡಿಗಿಂತ ಮೊದಲು ‘ಧಪ್ ಧಪ್’ ಸದ್ದನ್ನೂ ಊಳಿಡುವುದನ್ನೂ ನೆನೆಯುತ್ತಾರೆ. ಏನದು?

ಸದ್ದು ದಪ್ಪನೆಯ ಟೆಲಿಫೋನ್ ಡೈರೆಕ್ಟರಿಯದು. ರೆಕಾರ್ಡ್ ಓಡುತ್ತಿರುವಾಗಲೇ ಫ್ರೀಡ್ ಕೈಗೆ ಗವಸು ತೊಟ್ಟು ಅದನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತಿದ್ದ, ನಡುನಡುವೆ ಹಸುವಿನ ಕೊರಳಗಂಟೆ ಬಾರಿಸುತ್ತಿದ್ದ. ಬೇರೆಯವರು ಹಾಡು ಶುರುವಾದ ಕೂಡಲೇ ಮೈಕಿನ ಗುಂಡಿ ಇಳಿಸಿ ಸುಮ್ಮನಾಗುತ್ತಿದ್ದರೆ, ಇವನು ಮೈಕನ್ನು ತೆರೆದೇ ಇಡುತ್ತಿದ್ದ. ಸ್ಟುಡಿಯೊದಲ್ಲಿ ಮೈಕ್ ತೆರೆದಿದ್ದರೆ ಸ್ಪೀಕರ್ ಬಂದ್ ಆಗಿರಬೇಕು, ಇಲ್ಲದಿದ್ದರೆ ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು ಕಿವಿಗಡಚಿಕ್ಕುವ ಕೂಗು ಏಳುತ್ತದೆ. ಹಾಗಾಗಿ ತಾಳ ತಪ್ಪದೆ ಬಡಿಯಲು ಹೆಡ್‌ಫೋನೇ ಗತಿ. ಊಳಿನ ಮೂಲ, ‘ಮೂನ್‌ಡಾಗ್’ ಎಂದೇ ಕರೆಸಿಕೊಳ್ಳುತ್ತಿದ್ದ ನ್ಯೂಯಾರ್ಕಿನ ಅಂಧ ಬೀದಿ ಸಂಗೀತಗಾರ ಲೂಯಿ ಹಾರ್ಡಿನ್‌ನ ‘ಮೂನ್‌ಡಾಗ್ ಸಿಂಫನಿ’ ರೆಕಾರ್ಡು. ಅದನ್ನು ಹಾಕಿ ಫ್ರೀಡ್ ತಾನೂ ದನಿಗೂಡಿಸುತ್ತಿದ್ದ. ಕೋಣೆಯ ಕತ್ತಲಲ್ಲಿ ಕೂತ ಹುಡುಗನಿಗೆ, ಹಾಡು ಹಾಕುವವನೂ ತನ್ನಂತೆಯೇ ಕುಣಿಯುತ್ತಿದ್ದಾನೆ ಎಂದು ಮೊದಲ ಸಲ ಗೊತ್ತಾದದ್ದು ಈ ಬಡಿತದಿಂದ. ಅದು ಅಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿ ಉಳಿದದ್ದು ಸಹಜ.

ಪ್ರಶ್ನೆ: ಹಳೆಯ ಕೇಳುಗರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಒಬ್ಬರು 1952ರಲ್ಲಿ ದಿಂಬಿನಡಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೇಳಿದೆ ಎನ್ನುತ್ತಾರೆ. ಇನ್ನೊಬ್ಬರು ಬೇರೆ ರಾಜ್ಯದಲ್ಲಿದ್ದೂ ಕೇಳಿದೆ ಎನ್ನುತ್ತಾರೆ. ನಂಬಬಹುದೆ?

ಎರಡನೆಯದನ್ನು ಧಾರಾಳವಾಗಿ ನಂಬಿ. ಮೊದಲನೆಯದರಲ್ಲಿ ದಿಂಬು ನಿಜವಿರಬಹುದು, ಟ್ರಾನ್ಸಿಸ್ಟರ್ ಅಲ್ಲ. ಅಂಗಡಿಗೆ ಬಂದ ಮೊದಲ ಟ್ರಾನ್ಸಿಸ್ಟರ್ ರೇಡಿಯೊ ರೀಜೆನ್ಸಿ ಟಿಆರ್-1. ಅದು ಬಂದದ್ದು 1954ರ ಕೊನೆಗೆ; ನಾಲ್ಕು ಟ್ರಾನ್ಸಿಸ್ಟರ್, 22.5 ವೋಲ್ಟಿನ ಬ್ಯಾಟರಿ, ಬೆಲೆ 49 ಡಾಲರ್ 95 ಸೆಂಟ್. 1952ರ ದಿಂಬಿನಡಿ ಇದ್ದದ್ದು ಕ್ರಿಸ್ಟಲ್ ಸೆಟ್ಟಿನ (ಬ್ಯಾಟರಿ ಬೇಡದ ಸರಳ ರೇಡಿಯೊ) ಇಯರ್‌ಫೋನ್ ಅಥವಾ ಕವಾಟಗಳಿದ್ದ (ಗಾಜಿನ ವಾಲ್ವ್) ಪೋರ್ಟಬಲ್ ಇರಬೇಕು. “ರೇಡಿಯೊ ಬಿಸಿಯಾಗುತ್ತಿತ್ತೇ? ಗುಂಡಿ ತಿರುಗಿಸಿದ ಮೇಲೆ ದನಿ ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತೇ?” ಎಂದು ಕೇಳಿ ನೋಡಿ. ಹೌದೆಂದರೆ ಕವಾಟದ ಸೆಟ್ಟು. ಸೆಟ್ಟು ಇನ್ನೂ ಮನೆಯಲ್ಲಿದ್ದರೆ ಡಯಲ್ ನೋಡಿ: 640 ಮತ್ತು 1240ರ ಬಳಿ ಪುಟ್ಟ ತ್ರಿಕೋನಗಳಿದ್ದರೆ ಅದು 1953ರಿಂದ 1963ರ ನಡುವಿನದು. ಯುದ್ಧಕಾಲದ ತುರ್ತು ಪ್ರಸಾರಕ್ಕೆಂದು ಅಮೆರಿಕದಲ್ಲಿ ಹಾಕುತ್ತಿದ್ದ ಗುರುತು ಅದು.

ದೂರದ ಮಾತಿಗೆ ಬಂದರೆ, ಫ್ರೀಡ್ ಆಗ ಇದ್ದ ಕ್ಲೀವ್‌ಲ್ಯಾಂಡಿನ ಡಬ್ಲ್ಯುಜೆಡಬ್ಲ್ಯು 850 ಕಿಲೋಹರ್ಟ್ಸ್‌ನ ಮಧ್ಯಮ ತರಂಗದ ಸ್ಟೇಷನ್. ಹಗಲಲ್ಲಿ ಆಕಾಶದ ಡಿ ಪದರ (ಮೇಲಿನ ಗಾಳಿಯಲ್ಲಿ ಬಿಸಿಲಿನಿಂದ ವಿದ್ಯುದಾವೇಶಗೊಂಡ ಪದರ) ಈ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ತರಂಗಗಳು ಇನ್ನೂ ಎತ್ತರದ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತವೆ. ಫ್ರೀಡ್‌ನದು ತಡರಾತ್ರಿಯ ಕಾರ್ಯಕ್ರಮ, ಹಾಗಾಗಿ ಆಕಾಶವೇ ಅವನ ಪರವಾಗಿತ್ತು. ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಊರುಗಳಲ್ಲಿ ನೆಲದ ಮೇಲೆ ಬಂದ ಅಲೆಯೂ ಮೇಲಿಂದ ಇಳಿದ ಅಲೆಯೂ ಒಂದನ್ನೊಂದು ಅಳಿಸಿ, ಹಾಡು ಕಲಸಿಹೋಗಿ ಮತ್ತೆ ತೇಲಿ ಬರುತ್ತಿತ್ತು. “ಹಾಡು ಹೋಗಿ ಹೋಗಿ ಬರುತ್ತಿತ್ತು” ಎಂದು ಕೇಳುಗ ತಾನಾಗಿ ಹೇಳಿದರೆ ಆ ನೆನಪು ಅಪ್ಪಟ. ಚಳಿಗಾಲದ ರಾತ್ರಿ ಎಂದರೆ ಇನ್ನೂ ಒಳ್ಳೆಯದು: ಬೇಸಿಗೆಯಲ್ಲಿ ಗುಡುಗಿನ ಚಟಪಟ ಎಲ್ಲವನ್ನೂ ಕೆಡಿಸುತ್ತದೆ. ನಡುಮಧ್ಯಾಹ್ನ ಐನೂರು ಮೈಲಿ ದೂರದಲ್ಲಿ ಕೇಳಿದೆ ಎಂದರೆ ಮಾತ್ರ ಇನ್ನೊಮ್ಮೆ ವಿಚಾರಿಸಿ.

ಇಸವಿ ಹಿಡಿಯಲು ಇಸವಿ ಕೇಳಬೇಡಿ, ಸ್ಟೇಷನ್ನೂ ಕಾರ್ಯಕ್ರಮದ ಹೆಸರೂ ಕೇಳಿ. ಕ್ಲೀವ್‌ಲ್ಯಾಂಡಿನಲ್ಲಿ ‘ಮೂನ್‌ಡಾಗ್’ ಕಾರ್ಯಕ್ರಮ 1951ರ ಜುಲೈನಿಂದ. 1954ರ ಸೆಪ್ಟೆಂಬರಿನಿಂದ ನ್ಯೂಯಾರ್ಕಿನ ಡಬ್ಲ್ಯುಐಎನ್‌ಎಸ್. ಅದೇ ವರ್ಷ ಹಾರ್ಡಿನ್ ದಾವೆ ಹೂಡಿ ಗೆದ್ದ, ‘ಮೂನ್‌ಡಾಗ್’ ಹೆಸರು ಕೈತಪ್ಪಿತು, ಕಾರ್ಯಕ್ರಮ ‘ರಾಕ್ ಅಂಡ್ ರೋಲ್ ಪಾರ್ಟಿ’ ಆಯಿತು. ಡಬ್ಲ್ಯುಐಎನ್‌ಎಸ್ ಬಿಟ್ಟದ್ದು 1958ರ ಮೇ. ಆಮೇಲೆ 1959ರ ನವೆಂಬರ್‌ವರೆಗೆ ಡಬ್ಲ್ಯುಎಬಿಸಿ. ನೆನಪು ಇಸವಿಯಲ್ಲಿ ಎರಡು ಮೂರು ವರ್ಷ ಜಾರುತ್ತದೆ, ಕಿವಿಗೆ ಬಿದ್ದ ಹೆಸರಲ್ಲಿ ಅಷ್ಟು ಸುಲಭವಾಗಿ ಜಾರುವುದಿಲ್ಲ.

ಪ್ರಶ್ನೆ: ‘ರಾಕ್ ಅಂಡ್ ರೋಲ್’ ಪದ ಅವನದೇ?

ಅಲ್ಲ. ಬಾಸ್ವೆಲ್ ಸಹೋದರಿಯರು 1934ರಲ್ಲೇ ಅದೇ ಹೆಸರಿನ ಹಾಡು ಹಾಡಿದ್ದರು. ಕರಿಯರ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳಿಗೆ ಆ ಪದ ಅಂಟಿಸಿ, ಬಿಳಿಯ ಹುಡುಗರೂ ಕೇಳುವಂತೆ ಮಾಡಿದ್ದು ಅವನು. ಬಿಳಿಯ ಹುಡುಗರು ಈ ರೆಕಾರ್ಡುಗಳನ್ನು ಕೊಳ್ಳುತ್ತಿರುವುದನ್ನು ಮೊದಲು ಗಮನಿಸಿ ಅವನಿಗೆ ಹೇಳಿದವನು ಕ್ಲೀವ್‌ಲ್ಯಾಂಡಿನ ರೆಕಾರ್ಡ್ ಅಂಗಡಿಯ ಲಿಯೋ ಮಿಂಟ್ಜ್. ಕೇಳುಗರ ನೆನಪಿನಲ್ಲಿ ಮಿಂಟ್ಜ್‌ಗೆ ಜಾಗ ಸಿಗುವುದು ಕಡಿಮೆ, ಸಿಗಬೇಕು.

ಪ್ರಶ್ನೆ: ಫ್ರೀಡ್‌ನ ‘ಮೂನ್‌ಡಾಗ್ ಕೊರೊನೇಷನ್ ಬಾಲ್’ ಕಛೇರಿಯಲ್ಲಿ ಡಾಮಿನೋಸ್ ಗಾಯಕ ತಂಡ ಹಾಡಿದ್ದು ಕೇಳಿದೆ ಎಂದು ಒಬ್ಬರು ಬರೆದಿದ್ದಾರೆ. ನಿಜವೇ?

ಅವರು ಬೇರೆ ಕಛೇರಿಯನ್ನು ಇದರೊಂದಿಗೆ ಬೆರೆಸಿಕೊಂಡಿದ್ದಾರೆ. 1952ರ ಮಾರ್ಚ್ 21ರ ರಾತ್ರಿ ಕ್ಲೀವ್‌ಲ್ಯಾಂಡ್ ಅರೇನಾದಲ್ಲಿ ಹತ್ತು ಸಾವಿರ ಜನ ಹಿಡಿಯುವ ಕಡೆ ಅದರ ಎರಡರಷ್ಟು ಜನ ಸೇರಿದರು. ಟಿಕೆಟ್ ಮುದ್ರಣದ ಎಡವಟ್ಟು, ಜೊತೆಗೆ ನಕಲಿ ಟಿಕೆಟ್. ಬಾಗಿಲು ಮುರಿದು ಜನ ನುಗ್ಗಿದರು. ಪಾಲ್ ವಿಲಿಯಮ್ಸ್‌ನ ತಂಡ ನುಡಿಸಲು ಶುರುಮಾಡಿದ್ದಷ್ಟೇ, ಅಧಿಕಾರಿಗಳು ನಿಲ್ಲಿಸಿದರು. ಪಟ್ಟಿಯಲ್ಲಿ ಡಾಮಿನೋಸ್ ಹೆಸರಿತ್ತು, ಅವರ ಸರದಿ ಬರಲೇ ಇಲ್ಲ.

ಪ್ರಶ್ನೆ: ಲಂಚ ತಿಂದು ಕೆಲಸ ಕಳೆದುಕೊಂಡವನನ್ನು ಯಾಕಿಷ್ಟು ಪ್ರೀತಿಸುತ್ತಾರೆ?

ಹಾಡು ಹಾಕಲು ರೆಕಾರ್ಡ್ ಕಂಪನಿಯಿಂದ ಹಣ ಪಡೆಯುವ ‘ಪೆಯೋಲಾ’ ಆಗ ವ್ಯಾಪಾರದಲ್ಲಿ ಹಾಸುಹೊಕ್ಕಾಗಿತ್ತು. ಅದನ್ನು ನೇರವಾಗಿ ಅಪರಾಧವಾಗಿಸಿದ ಕೇಂದ್ರ ಕಾನೂನು ಬಂದದ್ದು 1960ರಲ್ಲಿ. ಹಣ ಪಡೆದಿಲ್ಲ ಎಂಬ ಹೇಳಿಕೆಗೆ ಸಹಿ ಹಾಕಲು ಒಪ್ಪದೆ ಫ್ರೀಡ್ ಕೆಲಸ ಕಳೆದುಕೊಂಡ. 1962ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಎರಡು ಆರೋಪ ಒಪ್ಪಿಕೊಂಡ, 300 ಡಾಲರ್ ದಂಡ ಬಿತ್ತು. 1965ರಲ್ಲಿ ತೀರಿಕೊಂಡಾಗ ವಯಸ್ಸು 43. ತಪ್ಪು ತಪ್ಪೇ. ಆದರೆ ಅನೇಕ ಸ್ಟೇಷನ್ನುಗಳು ಬಿಳಿಯರು ಹಾಡಿದ ನಕಲನ್ನು ಹಾಕುತ್ತಿದ್ದಾಗ ಅವನು ಮೂಲ ಗಾಯಕರ ರೆಕಾರ್ಡನ್ನೇ ಹಾಕಿದ. ಕೇಳುಗರ ಪ್ರೀತಿಗೆ ಅದು ಸಾಕಷ್ಟು ಕಾರಣ.

ಪ್ರಶ್ನೆ: ಅಟ್ಟದಲ್ಲಿ ಆ ಕಾಲದ ಪ್ರಸಾರದ್ದೆನ್ನುವ ಸ್ಪೂಲ್ ಟೇಪ್ ಸಿಕ್ಕಿದೆ. ಹಾಕಿ ಕೇಳಲೇ?

ಇವತ್ತೇ ಬೇಡ. ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಇದ್ದರೆ ಅಸಿಟೇಟ್ ಟೇಪು ಕೊಳೆಯತೊಡಗಿದೆ. ಬೇರೆ ಟೇಪುಗಳಿಂದ ದೂರವಿಟ್ಟು, ಅದನ್ನೇ ಮೊದಲು ನಕಲು ಮಾಡಿಸಿ. ಸುರುಳಿಯನ್ನು ದೀಪಕ್ಕೆ ಹಿಡಿದಾಗ ಬೆಳಕು ಹಾದುಬಂದರೂ ಅದು ಅಸಿಟೇಟೇ. ಹಳೆಯ ಟೇಪನ್ನು ಒಲೆಯಲ್ಲಿ ಬಿಸಿಮಾಡಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಉಪಾಯ 1970ರ ನಂತರದ ಕೆಲವು ಅಂಟುವ ಪಾಲಿಯೆಸ್ಟರ್ ಟೇಪುಗಳಿಗೆ. ಅಸಿಟೇಟ್ ಬಿಸಿಗೆ ಮುರುಟಿ ಹಾಳಾಗುತ್ತದೆ.

ನುಡಿಸುವ ಕೋಣೆಯಲ್ಲೇ ಒಂದು ದಿನ ಇಡಿ. ಯಂತ್ರದ ಹೆಡ್ಡುಗಳನ್ನು (ಟೇಪಿಗೆ ತಾಗಿ ಧ್ವನಿ ಓದುವ ಭಾಗ) ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ರಬ್ಬರ್ ಉರುಳೆಗೆ ಅದು ಬೇಡ. ಫಾಸ್ಟ್ ಫಾರ್ವರ್ಡ್ ಒತ್ತಲೇಬೇಡಿ: ಒಣಗಿದ ಜೋಡಣೆಗಳು ಅಲ್ಲೇ ಬಿಚ್ಚಿಕೊಳ್ಳುತ್ತವೆ. ಬಿಚ್ಚಿದ್ದನ್ನು ಸ್ಪ್ಲೈಸಿಂಗ್ ಟೇಪಿನಿಂದಲೇ ಜೋಡಿಸಿ, ಸಾಮಾನ್ಯ ಪಾರದರ್ಶಕ ಟೇಪಿನ ಅಂಟು ಪಕ್ಕದ ಸುತ್ತಿಗೂ ಹರಡುತ್ತದೆ.

ಮನೆಯ ಯಂತ್ರದಲ್ಲಿ ತುಂಬಿಕೊಂಡ ಟೇಪು ಹೆಚ್ಚಾಗಿ ಅರ್ಧ ಟ್ರ್ಯಾಕಿನದು: ಅಗಲದ ಒಂದು ಅರ್ಧದಲ್ಲಿ ಒಂದು ದಿಕ್ಕಿಗೆ, ಇನ್ನೊಂದು ಅರ್ಧದಲ್ಲಿ ಎದುರು ದಿಕ್ಕಿಗೆ ಧ್ವನಿ ಇರುತ್ತದೆ. ನಾಲ್ಕು ಟ್ರ್ಯಾಕಿನ ಸ್ಟೀರಿಯೊ ಯಂತ್ರದಲ್ಲಿ ಒಮ್ಮೆ ಓಡಿಸಿದರೆ ಎಡ ಚಾನೆಲ್‌ನಲ್ಲಿ ಒಂದು ಬದಿ, ಬಲದಲ್ಲಿ ಇನ್ನೊಂದು ಬದಿ ಹಿಂದುಮುಂದಾಗಿ ಬರುತ್ತದೆ. ಎರಡನ್ನೂ ಒಟ್ಟಿಗೆ ದಾಖಲಿಸಿ, ಬಲದ್ದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ. ಟೇಪು ಸವೆಯುವುದು ಒಂದೇ ಸಲ. ಏಳಿಂಚಿನ, 1,200 ಅಡಿಯ ಸುರುಳಿ ಸೆಕೆಂಡಿಗೆ 3¾ ಇಂಚಿನ ವೇಗದಲ್ಲಿ ಒಂದು ಬದಿಗೆ 64 ನಿಮಿಷ, 7½ರಲ್ಲಿ 32 ನಿಮಿಷ ಓಡುತ್ತದೆ.

ದನಿ ಮಂಕಾಗಿದ್ದರೆ ಹೆಡ್ಡಿನ ಓರೆ ಸರಿಯಿಲ್ಲದಿರಬಹುದು. ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹಿಸ್ (ಟೇಪಿನ ‘ಸ್ಸ್’ ಸದ್ದು) ಅತ್ಯಂತ ಚುರುಕಾಗಿ ಕೇಳುವ ಕಡೆ ನಿಲ್ಲಿಸಿ. ವೇಗ ಸರಿಯಿದೆಯೇ ಎಂದು ತಿಳಿಯಲು ಹಿನ್ನೆಲೆಯ ಗುಂಯ್‌ಗುಡುವ ಸದ್ದನ್ನು ಅಳೆಯಿರಿ. ಅಮೆರಿಕದ ಕರೆಂಟಿನದು 60 ಹರ್ಟ್ಸ್. ಅದು 58 ಎಂದು ಬಂದರೆ ನಿಮ್ಮ ನಕಲು ನೂರಕ್ಕೆ ಮೂರರಷ್ಟು ನಿಧಾನ.

24 ಬಿಟ್‌ನ ವೇವ್ ಕಡತವಾಗಿ ಇಡಿ. ಜಾಹೀರಾತು, ಗಂಟೆ ಹೇಳುವುದು, ಕೇಳುಗರ ಹೆಸರು ಓದುವುದು ಒಂದನ್ನೂ ಕತ್ತರಿಸಬೇಡಿ. ಹಾಡುಗಳು ಬೇರೆ ಕಡೆ ಸಿಗುತ್ತವೆ, ಇವು ಸಿಗುವುದಿಲ್ಲ. ಎರಿನ್ ಬ್ರೂ ಬಿಯರಿನ ಜಾಹೀರಾತು ಕೇಳಿಸಿದರೆ ಅದು ಕ್ಲೀವ್‌ಲ್ಯಾಂಡ್ ಕಾಲದ ಟೇಪು, ನಿಮ್ಮ ಅಟ್ಟದಲ್ಲಿ ಸಿಕ್ಕಿದ್ದು ಬಹಳ ಅಪರೂಪದ್ದು.